ನಾಡಿಯ ಗುಂಡಿ

ತುರ್ತು ಚಿಕಿತ್ಸೆಯ ತರಗತಿಯಲ್ಲಿ ರೋಗಿಯ ಜಾಗದಲ್ಲಿ ಮಲಗುತ್ತಿದ್ದುದು ಒಂದು ಬೊಂಬೆ. ಅದರ ನಾಡಿ ಇದ್ದದ್ದು ಗಾಜಿನ ಈಚೆ ಕೂತ ಮೇಡಂ ಕೈಯಲ್ಲಿ. ಕಲಿಯುವ ಡಾಕ್ಟರುಗಳು ತಪ್ಪು ಮಾಡಿದರೆ ಬೊಂಬೆ ಸಾಯುತ್ತಿತ್ತು. ಎಲ್ಲವನ್ನೂ ಸರಿಯಾಗಿ ಮಾಡಿದರೆ ಮೇಡಂ ಒಂದು ಗುಂಡಿ ಒತ್ತುತ್ತಿದ್ದರು, ನಾಡಿ ಮರಳುತ್ತಿತ್ತು.

"ಎಲ್ಲಾ ಸರಿಯಾಗಿ ಮಾಡಿದ್ರೂ ಪೇಷೆಂಟ್ ಹೋಗ್ಬಿಟ್ರೆ, ಮೇಡಂ?" ಎಂದು ಒಬ್ಬ ಹುಡುಗ ಒಮ್ಮೆ ಕೇಳಿದ್ದ.

"ಹೋದ್ರು ಅಂದ್ರೆ ಎಲ್ಲೋ ತಪ್ಪಾಗಿದೆ ಅಂತ. ನೆಪ ಹುಡುಕ್ಬೇಡ."

ಇವತ್ತು ಅದೇ ಹುಡುಗ ತಂಡದ ಮುಂದಾಳು. ಮೇಡಂ ಗಾಜಿನ ಈಚೆ ನಿಂತು ಒಂದೊಂದನ್ನೂ ನೋಡಿದರು. ಎದೆ ಒತ್ತುವ ಆಳ ಸರಿಯಾಗಿತ್ತು. ಇಂಜೆಕ್ಷನ್ ಹೊತ್ತಿಗೆ ಸರಿಯಾಗಿ ಹೋಯಿತು. ಶಾಕ್ ಕೊಡುವ ಮುಂಚೆ ಎಲ್ಲರೂ ಮಂಚ ಮುಟ್ಟದೆ ಹಿಂದೆ ಸರಿದರು. ಮಾನಿಟರಿನ ಗೆರೆ ಮಾತ್ರ ಏಳಲಿಲ್ಲ.

ಹುಡುಗ ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದ. "ನಿಲ್ಲಿಸ್ಲಾ ಮೇಡಂ?"

"ಯಾಕೆ? ನಿಮ್ದೇನೂ ತಪ್ಪಾಗಿಲ್ಲ."

"ಗೊತ್ತು ಮೇಡಂ."

"ಒಂದೂ ತಪ್ಪಾಗಿಲ್ಲ ಕಣೋ. ನಾನು ನೋಡ್ತಾನೇ ಇದೀನಲ್ಲ. ಹೋಗು, ಒತ್ತು."

"ತುಂಬಾ ಹೊತ್ತಾಯ್ತು, ಮೇಡಂ."

ಮೇಡಂ ಬೆರಳುಗಳು ಗಾಜಿನ ಕೆಳಗಿನ ಅಂಚಿನಲ್ಲಿ ಗುಂಡಿಗಾಗಿ ತಡಕಾಡುತ್ತಿದ್ದವು.

ಹುಡುಗ ಆ ಕೈ ಹಿಡಿದು, ಆಕ್ಸಿಜನ್ ಮಾಸ್ಕ್ ಹಾಕುವಾಗ ತೆಗೆದಿಟ್ಟಿದ್ದ ಅವರ ಗಂಡನ ಕನ್ನಡಕವನ್ನು ಅದರಲ್ಲಿಟ್ಟ.