ಬಂದ್ರೆ ಬರ್ಲಿ

ಅಮ್ಮನ ಕೈ ಕೊಸರಿಕೊಂಡು ಅಂಗಡಿಯೊಳಗೆ ಓಡಿ ಬಂದ ಮಗಳು ಎರಡೂ ತೋಳು ಚಾಚಿದಳು. ಸೋಫಾ ರಿಪೇರಿಯವನು ಬಟ್ಟೆ ಅಳೆಯುವ ಮರದ ಕೋಲನ್ನು ಅಡ್ಡ ಹಿಡಿದುಬಿಟ್ಟ. "ಅಲ್ಲೇ! ಅಲ್ಲೇ ನಿಲ್ಲು!" ಕೋಲಿನ ತುದಿ ಅವಳ ಎದೆಗೆ ತಾಗಿತು. ಜೋರಾಗೇನೂ ಅಲ್ಲ. ಆದರೂ ಹುಡುಗಿ ನಿಂತಲ್ಲೇ ನಿಂತು, ಮಂಗನಬಾವಿನಿಂದ ಉಬ್ಬಿದ್ದ ಕೆನ್ನೆಗಳನ್ನು ಅಂಗೈಗಳಿಂದ ಮುಚ್ಚಿಕೊಂಡಳು.

ಕುರ್ಚಿಗೆ ರೆಕ್ಸಿನ್ ಆರಿಸುತ್ತಿದ್ದ ಗಿರಾಕಿ ಹೆಂಗಸು "ಅಯ್ಯೋ ಪಾಪ" ಎಂದಳು. ಆ ಪಾಪ ಮಗುವಿಗೋ ತನಗೋ ತಿಳಿಯದೆ ಅವನು ಕೋಲನ್ನು ಬೆನ್ನ ಹಿಂದೆ ಸರಿಸಿದ. ಮಗಳನ್ನು ಡಾಕ್ಟರ ಹತ್ತಿರ ತೋರಿಸಿಕೊಂಡು ಬಂದಿದ್ದ ಹೆಂಡತಿ, ಅವನ ಒಗೆದ ಬಟ್ಟೆಗಳ ಚೀಲವನ್ನು ಹೊಸ್ತಿಲ ಮೇಲಿಟ್ಟು, "ಬಾ ಬುಗುರಿ, ಅಪ್ಪಂಗೆ ಕೆಲಸ ಇದೆ" ಎಂದು ಮಗಳ ಕೈ ಹಿಡಿದು ನಡೆದಳು. ಒಂದು ಕಡೆ ನಿಲ್ಲದ ಹುಡುಗಿಗೆ ಅವನೇ ಪ್ರೀತಿಯಿಂದ ಇಟ್ಟ ಹೆಸರು ಅದು. ರಸ್ತೆ ತಿರುವಿನವರೆಗೂ ಅವಳು ಕೆನ್ನೆಯ ಮೇಲಿನ ಕೈ ತೆಗೆಯಲಿಲ್ಲ, ತಿರುಗಿಯೂ ನೋಡಲಿಲ್ಲ.

ಬಾವು ಕಾಣಿಸಿಕೊಂಡ ದಿನವೇ ಅವನು ಮನೆ ಬಿಟ್ಟು ಅಂಗಡಿ ಸೇರಿದ್ದ. "ದೊಡ್ಡವರಿಗೆ ಬಂದ್ರೆ ಗಂಡಸುತನಕ್ಕೇ ಕುತ್ತು ಕಣಯ್ಯ" ಎಂದು ಪಕ್ಕದ ಬೀಗದ ಅಂಗಡಿಯವನು ಅಂದದ್ದೇ ಸಾಕಾಗಿತ್ತು. ಇನ್ನೊಂದು ಮಗುವಿನ ಆಸೆ ಬೇರೆ ಇತ್ತು. ಕೆಲಸ ತಲೆ ಮೇಲೆ ಕೂತಿದೆ ಎಂದು ಮಗಳಿಗೆ ಹೇಳಿ, ಹೆಂಡತಿಗೆ ಮಾತ್ರ ಇದ್ದ ವಿಷಯ ತಿಳಿಸಿ, ಯಾರದೋ ಸೋಫಾದ ಬರಿಯ ಫೋಮಿನ ಮೇಲೆ ಮಲಗುತ್ತಿದ್ದ.

ಸಂಜೆ ಅವನ ಅಮ್ಮನ ಫೋನು ಬಂತು.

"ಮಗೂಗೆ ಕೋಲು ತೋರಿಸಿದ್ಯಂತಲ್ಲೋ? ಅವಳೇ ಹೇಳಿದ್ಲು."

"ಹೊಡೆಯೋಕಲ್ಲಮ್ಮ. ಅಂಟುರೋಗ ಅದು. ನಂಗೆ ಬಂದ್ರೆ..."

"ನಿಂಗೆಲ್ಲಿಂದ ಬರತ್ತೆ? ಅವಳಷ್ಟಿದ್ದಾಗಲೇ ನಿಂಗೆ ಬಂದು ಹೋಗಿದೆ. ಎರಡೂ ಕೆನ್ನೆಗೆ. ಒಂದ್ಸಲ ಬಂದು ಹೋದ್ರೆ ಮತ್ತೆ ಬರಲ್ವಂತೆ."

ಅವನು ಕೈಯಲ್ಲಿದ್ದ ಸುತ್ತಿಗೆಯನ್ನು ಕೆಳಗಿಟ್ಟ.

"ನಿಮ್ಮಪ್ಪಂಗೆ ಬಂದಿರ್ಲಿಲ್ಲ. ದೂರ ಮಲಕ್ಕೊಳ್ಳಿ ಅಂದ್ರೆ ಕೇಳ್ಬೇಕಲ್ಲ ಆ ಮನುಷ್ಯ! ನಿನ್ನ ಎದೆ ಮೇಲೆ ಹಾಕ್ಕೊಂಡೇ ಮಲಗಿದ್ರು. ಆಮೇಲೆ ಅವರಿಗೂ ಬಂತು. ನೀರು ನುಂಗೋಕೂ ಆಗ್ದೆ ಗೋಡೆ ಕಡೆ ತಿರುಗಿ ಕಣ್ಣೀರು ಹಾಕೋರು, ನಿಂಗೆ ಕಾಣ್ಬಾರ್ದು ಅಂತ. ಬಾವು ಬಂದಿರೋದು ಮಗೂಗೆ ಕಣೋ. ಮಂಗ ಆಗಿರೋದು ನೀನು."

ಫೋನು ಇಟ್ಟಾಗ ಅವನಿಗೆ ಮೊದಲು ಎದೆ ಹಗುರಾಯಿತು. ಸದ್ಯ, ಬದುಕಿದೆ ಅನ್ನಿಸಿತು. ಹಾಗನ್ನಿಸಿದ್ದಕ್ಕೇ ಮುಖವೆಲ್ಲ ಬಿಸಿಯಾಯಿತು. ಅರ್ಧ ಹೊಡೆದಿದ್ದ ಮೊಳೆಯನ್ನು ಹಾಗೇ ಬಿಟ್ಟು ಷಟರ್ ಎಳೆದು ಮನೆಯ ಕಡೆ ಹೊರಟ.

ಬಾಗಿಲು ತೆರೆದ ಹೆಂಡತಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಮಗಳು ಗದ್ದದಿಂದ ನೆತ್ತಿಯವರೆಗೆ ಮಫ್ಲರ್ ಕಟ್ಟಿಕೊಂಡು ಮಂಚದ ಮೇಲೆ ಕೂತಿದ್ದಳು. ಅವನನ್ನು ಕಂಡ ಕೂಡಲೇ ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡು ಗೋಡೆಗೆ ಒತ್ತಿಕೊಂಡಳು.

"ಹತ್ರ ಬರ್ಬೇಡಪ್ಪ! ನಿಂಗೂ ಬಂದ್ಬಿಡತ್ತೆ!"

ನನಗೆ ಬರುವುದಿಲ್ಲ ಮಗಳೇ, ಚಿಕ್ಕಂದಿನಲ್ಲೇ ಬಂದು ಹೋಗಿದೆ ಎನ್ನಬೇಕಿತ್ತು. ಬಾಯಿಗೂ ಬಂದಿತ್ತು. ಆದರೆ ಹಾಗೆಂದರೆ, ಅದು ಗೊತ್ತಾದ ಮೇಲೆ ಬಂದೆ ಎಂದೂ ಹೇಳಿದಂತಾಗುತ್ತಿತ್ತು.

"ಬಂದ್ರೆ ಬರ್ಲಿ ಬಿಡು" ಎಂದ. "ನಿನಗಿಂತ ಹೆಚ್ಚಾ?"

ಮಂಚ ಹತ್ತಿ ಅವಳನ್ನು ಎದೆಗೆ ಒರಗಿಸಿಕೊಂಡ. ಮೊದಮೊದಲು ಕೈಕಾಲು ಬಿಗಿ ಹಿಡಿದಿದ್ದ ಹುಡುಗಿ ಆಮೇಲೆ ಮೆಲ್ಲಗೆ ತನ್ನ ಬಿಸಿ ಕೆನ್ನೆಯನ್ನು ಅವನ ಕುತ್ತಿಗೆಗೆ ಒತ್ತಿ, ಊದಿದ ಬಾಯಲ್ಲೇ ಕೂಗಿದಳು: "ಅಮ್ಮಾ, ನೋಡು! ಅಪ್ಪಂಗೆ ಹೆದರಿಕೇನೇ ಇಲ್ಲ!"

ಅವನು ಸೂರು ನೋಡುತ್ತಾ ಆ ಹೊಗಳಿಕೆಯನ್ನು ಹಾಗೇ ಉಳಿಯಲು ಬಿಟ್ಟ.

ಮಗಳಿಗೆ ಹಾಲು ತರಲು ಅಡುಗೆಮನೆಗೆ ಹೋದಾಗ ಹೆಂಡತಿ ಒಲೆಯ ಮುಂದೆ ಬೆನ್ನು ಹಾಕಿ ನಿಂತಿದ್ದಳು.

"ನಿಜಕ್ಕೂ ಹೆದರಿಕೆ ಹೋಯ್ತಾ?" ಎಂದು ಕೇಳಿದಳು.

"ಮಗು ಮುಖ ನೋಡಿದ್ಮೇಲೆ ಎಂಥ ಹೆದರಿಕೆ?" ಎಂದ. ಒಂದು ಸುಳ್ಳು ಹೇಳಿದ ಬಾಯಿಗೆ ಎರಡನೆಯದು ಸಲೀಸಾಗಿ ಬಂತು.

ಅವಳು ಹಾಲು ಸೋಸಿದಳು. ಬಿಸಿ ನೋಡಲು ಒಂದು ಹನಿಯನ್ನು ಮಣಿಕಟ್ಟಿನ ಮೇಲೆ ಬಿಟ್ಟುಕೊಂಡಳು.

"ನಿಮಗೆ ಚಿಕ್ಕಂದಲ್ಲೇ ಬಂದಿತ್ತು ಅಂತ ಅತ್ತೆ ಮೊದಲನೇ ದಿನಾನೇ ನಂಗೆ ಹೇಳಿದ್ರು" ಎಂದಳು. "ನಾನೇ ಅವರ ಬಾಯಿ ಕಟ್ಟಿದ್ದೆ. ಹೇಳ್ಬೇಡಿ ಅತ್ತೆ, ಅವರಾಗೇ ಬರಲಿ, ನೋಡೋಣ ಅಂತ. ಇವತ್ತು ಕೋಲಿನ ವಿಷಯ ಕೇಳಿ ಅತ್ತೆಗೆ ತಡ್ಕೊಳ್ಳೋಕೆ ಆಗ್ಲಿಲ್ಲ."

ಅವಳು ತಿರುಗಿ, ಅವನ ಮುಖ ನೋಡದೆಯೇ ಲೋಟವನ್ನು ಅವನ ಕೈಗೆ ಕೊಟ್ಟಳು.

"ಹೋಗಿ ಕುಡಿಸಿ" ಎಂದಳು. "ಅವಳಿಗೆ ನಾನು ಹೇಳಿಲ್ಲ."