ಡೌವೆಯ ಮರದ ಜೋಡು

"ಕಾಲುಚೀಲದಲ್ಲಿ ನಿಂತ ವೀರನನ್ನ ಎಲ್ಲಾದ್ರೂ ನೋಡಿದ್ದೀರೇನ್ರೀ? ಜನ ನಗ್ತಾರೆ," ಎನ್ನುತ್ತ ಮೇಯರ್ ತಮ್ಮ ಊರುಗೋಲಿನಿಂದ ಡೌವೆಯ ಜೇಡಿಮಣ್ಣಿನ ಪ್ರತಿಮೆಯ ಪಾದವನ್ನು ತಿವಿದರು. "ಬೂಟು ಹಾಕಿ. ಕೈಗೊಂದು ಬಾವುಟ ಕೊಡಿ. ನಾಡಿದ್ದು ಕಂಚಿನ ಎರಕಕ್ಕೆ ಹೋಗಲಿ."

ಶಿಲ್ಪಿ ಲೂಬರ್ಟ್‌ಗೆ ಮೈಯೆಲ್ಲ ಉರಿಯಿತು. ಐದು ತಿಂಗಳು ಆ ಪಾದಗಳಿಗೇ ಅಂಟಿಕೊಂಡಿದ್ದ. ಕಾಲುಚೀಲದ ಹಿಮ್ಮಡಿಯ ತೂತಿಗೆ ಹಾಕಿದ ಹೊಲಿಗೆಯನ್ನೂ ಬಿಟ್ಟಿರಲಿಲ್ಲ. ಊರುಗೋಲು ಮಾಡಿದ ಗುಳಿಯನ್ನು ಹೆಬ್ಬೆರಳಿನಿಂದ ತೀಡುತ್ತಲೇ ಸಿಡಿದ. "ಯುದ್ಧದಲ್ಲಿ ಡೌವೆ ತನ್ನ ಮನೆ ಅಟ್ಟದಲ್ಲಿ ಯೆಹೂದಿ ಮಕ್ಕಳನ್ನ ಬಚ್ಚಿಟ್ಟಿದ್ದ. ಜರ್ಮನ್ ಸೈನಿಕರು ನುಗ್ಗಿದಾಗ ಊಟಕ್ಕೆ ಕೂತಿದ್ದ. ನಮ್ಮೂರಲ್ಲಿ ಮರದ ಜೋಡು ಹಾಕ್ಕೊಂಡು ಯಾರ್ರೀ ಮನೆಯೊಳಗೆ ಬರ್ತಾರೆ? ಕಾಲುಚೀಲದಲ್ಲೇ ಎಳ್ಕೊಂಡು ಹೋಗಿ ಕಾಲುವೆಯ ಏರಿ ಮೇಲೆ ಗುಂಡು ಹೊಡೆದ್ರು. ಅವತ್ತು ಕಿಟಕಿ ಮುಚ್ಚಿಕೊಂಡ ಜನ ಇವತ್ತು ನಗ್ತಾರಾ? ನಗಲಿ!"

"ನಡೆದದ್ದು ಬೇರೆ, ಸ್ಮಾರಕ ಬೇರೆ ಕಣ್ರೀ. ನಾಳೆ ಮಕ್ಕಳು ನೋಡಬೇಕಾದದ್ದು ವೀರನನ್ನ," ಎಂದರು ಮೇಯರ್.

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಡೌವೆಯ ಹೆಂಡತಿ ಯಿಟ್ಸ್ಕೆ ಎದ್ದಳು. ಗಂಡನ ಪಾದದ ಅಳತೆಗೆಂದು ಲೂಬರ್ಟ್ ಅವಳಿಂದ ತರಿಸಿಕೊಂಡಿದ್ದ ಮರದ ಜೋಡು ಕಿಟಕಿಯ ಕೆಳಗಿತ್ತು. ಅದನ್ನು ಎತ್ತಿ ತಂದು ಮೇಯರ್ ಕೈಯಲ್ಲಿಟ್ಟಳು.

"ಇದನ್ನೇ ಹಾಕಿ ಸ್ವಾಮಿ, ನೀವೇ ನಿಮ್ಮ ಕೈಯಾರೆ ಹಾಕಿ," ಎಂದಳು. "ಅವತ್ತು ನಾನು ಇದನ್ನ ಹಿಡ್ಕೊಂಡು ಹಿಮದಲ್ಲಿ ಏರಿವರೆಗೂ ಸೈನಿಕರ ಹಿಂದೆ ಓಡಿದ್ದೆ. ಹಾಕೋಕೆ ಬಿಡಲಿಲ್ಲ."