ಎರಡನೆಯ ದನಿ

ಹಾಡುಕಚೇರಿಯ ಮೊಹರು ಬಿದ್ದು ಬಿಡುಗಡೆಯಾದ ಹಾಡುಗಳು ಜನರ ಮಧ್ಯಾಹ್ನದ ನಿದ್ದೆಗೆ ಬಂದು ಸೇರುತ್ತಿದ್ದ ಕಾಲವದು. ಗುಲಾಬಿಯ ಗಂಡನಿದ್ದ ಹಡಗು ಆ ಸಂಜೆ ಹಾಡುಗಳು ತಲುಪುವ ಗಡಿ ದಾಟಲಿತ್ತು. ಆಮೇಲೆ ಆರು ತಿಂಗಳು ಅವನ ನಿದ್ದೆಯೆಲ್ಲ ಬರಿದು. ಅದಕ್ಕೆಂದೇ ಅವಳು ತಿಂಗಳ ಮೊದಲೇ ಹಾಡು ಕೊಟ್ಟಿದ್ದಳು. ಆದರೂ ಅದು ಬಂದರಿನ ಹಾಡುಕಚೇರಿಯಲ್ಲೇ ತಡೆದು ನಿಂತಿತ್ತು.

“ಇದರಲ್ಲಿ ಎರಡು ದನಿ ಉಂಟು ಮಾರಾಯ್ತಿ. ನೀನು ಒಂದೇ ಹೆಸರು ಬರ್ದದ್ದು,” ಎಂದರು ಗುಮಾಸ್ತೆ ವಾರಿಜಕ್ಕ.

“ನಾನೊಬ್ಳೇ ಹಾಡಿದ್ದು ಅಕ್ಕಾ.”

ವಾರಿಜಕ್ಕ ಅವಳ ತುಂಬು ಹೊಟ್ಟೆಯನ್ನು ನೋಡಿ ನಕ್ಕರು. ಆಗ ಗುಲಾಬಿಗೆ ಹೊಳೆಯಿತು.

“ಹುಟ್ಟುವ ಮೊದ್ಲು ಹೆಸರಿಡ್ಬಾರ್ದಲ್ಲ. ಎಂತ ಬರೀಲಿ?”

“ಕೂಸು ಅಂತ ಬರಿ, ಸಾಕು. ಆದ್ರೆ ಹಾಡಿದವರ ಒಪ್ಪಿಗೆ ಬೇಕೇ ಬೇಕು.”

ವಾರಿಜಕ್ಕ ಅರ್ಜಿಯನ್ನು ಮೆಲ್ಲನೆ ಅವಳ ಹೊಟ್ಟೆಯ ಮೇಲಿಟ್ಟರು. ಇಬ್ಬರೂ ಉಸಿರು ಬಿಗಿಹಿಡಿದು ಕಾದರು. ಒಳಗಿನಿಂದ ಒಂದು ಒದೆತ ಬಂದು ಕಾಗದ ಅಲುಗಿತು.

“ಆಯ್ತು, ಒಪ್ಪಿತು,” ಎಂದು ಅವರು ಮೊಹರು ಒತ್ತಿದರು.

ಹೊರಗೆ ಬಿಸಿಲು ತೂಕಡಿಸುತ್ತಿತ್ತು. ಮನೆಯವರೆಗೆ ನಡೆಯುವ ತಾಳ್ಮೆ ಗುಲಾಬಿಗಿರಲಿಲ್ಲ. ಅಲ್ಲೇ ಬೆಂಚಿನ ಮೇಲೆ ಒರಗಿ ಕಣ್ಣು ಮುಚ್ಚಿದಳು. ಎರಡನೆಯ ದನಿಯನ್ನು ಅವಳಿನ್ನೂ ಕೇಳಿರಲಿಲ್ಲ.